ಗದಿಗೆಯ್ಯಜ್ಜನ ಬಿಸಿ ಅಂಗಿ

ಈ ಕಥೆಯಲ್ಲಿ ಯಾರೂ ನೀರಿನ ಮೇಲೆ ನಡೆಯುವುದಿಲ್ಲ. ಒಬ್ಬ ಮುದುಕರಿಗೆ ಚಳಿಯಾಗುತ್ತದೆ, ಅಷ್ಟೇ. ಅಷ್ಟಕ್ಕೇ ಎಷ್ಟೆಲ್ಲ ಆಯಿತು ನೋಡಿ.

ಹೊಳೆಯ ದಂಡೆಗೆ ಒಂದು ಮಠ. ಮಠ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ನಾಲ್ಕು ಕಲ್ಲುಕಂಬದ ಪಡಸಾಲೆ, ಒಂದು ಕೋಣೆ, ಅಂಗಳದಲ್ಲಿ ಒಂದು ಬೇವಿನ ಮರ. ಅಲ್ಲಿದ್ದ ಗುರುಗಳು ಗದಿಗೆಯ್ಯಜ್ಜ. ವಯಸ್ಸು ಎಂಬತ್ತು ದಾಟಿತ್ತು. ಅವರಿಗೆ ಒಬ್ಬನೇ ಶಿಷ್ಯ, ಫಕೀರಪ್ಪ.

ಫಕೀರಪ್ಪ ಮೊದಲು ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಪಂಪ್‌ಸೆಟ್ಟು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಮೂವತ್ತಾರನೇ ವಯಸ್ಸಿಗೆ ಅದನ್ನೆಲ್ಲ ಬಿಟ್ಟು ಮಠಕ್ಕೆ ಬಂದ. ಬಂದು ಹನ್ನೊಂದು ವರ್ಷ ಆಗಿತ್ತು.

ಹನ್ನೊಂದು ವರ್ಷದಲ್ಲಿ ಅಜ್ಜ ಅವನಿಗೆ ಹೇಳಿದ ಕೆಲಸ ಎರಡೇ. ಕಸ ಹೊಡೆ, ನೀರು ತಾ.

ಆ ಮಠಕ್ಕೆ ಒಂದು ಪದ್ಧತಿ ಇತ್ತು. ಶಿಷ್ಯ ಗುರುವಿನ ಪಾದ ಮುಟ್ಟಬಹುದು. ಪಾದ ಬಿಟ್ಟು ಮೇಲಕ್ಕೆ ಅವನ ಕೈ ಹೋಗಬಾರದು. ಯಾರು ಹಾಕಿದ ಪದ್ಧತಿ, ಯಾಕೆ ಹಾಕಿದ್ದು, ಕೇಳಿದವರಿಲ್ಲ.

ಫಕೀರಪ್ಪ ದಿನಕ್ಕೆ ಎರಡು ಸಲ ಆ ಪಾದ ಮುಟ್ಟುತ್ತಿದ್ದ. ಹಿಮ್ಮಡಿಯ ಒಂದೊಂದು ಬಿರುಕೂ ಅವನಿಗೆ ಬಾಯಿಪಾಠ. ಅಜ್ಜನ ಬೆನ್ನು ಹೇಗಿದೆ ಅಂತ ಕೇಳಿದ್ದರೆ ಕಣ್ಣು ಕಣ್ಣು ಬಿಡುತ್ತಿದ್ದ.

ಆ ವರ್ಷ ಎಳ್ಳಮಾವಾಸ್ಯೆ ಮುಗಿದರೂ ಚಳಿ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅಜ್ಜ ಹೊಳೆಯಲ್ಲಿ ಮಿಂದು ಬಂದು ವಿಭೂತಿ ಹಚ್ಚಿಕೊಳ್ಳಲು ಕೈ ಎತ್ತಿದರು. ಬೆರಳು ನಡುಗಿ ವಿಭೂತಿ ಎಲ್ಲ ತೊಡೆಯ ಮೇಲೆ ಉದುರಿತು. ಹಣೆಗೆ ಒಂದು ಚೂರೂ ಹತ್ತಲಿಲ್ಲ.

ಫಕೀರಪ್ಪ ಕಸಬರಿಗೆ ಬಿಟ್ಟು ಹತ್ತಿರ ಬಂದ.

"ಅಜ್ಜಾರ, ಚಳಿ ಭಾಳ ಆಗೈತೇನ್ರೀ?"

"ಚಳಿಗಾಲದಾಗ ಚಳಿ ಆಗದ ಸೆಕಿ ಆಗತೈತೇನೋ?"

"ಇನ್ನೊಂದು ಕಂಬಳಿ ಹೊಚ್ಚಲ್ರೀ?"

ಮೈಮೇಲೆ ಆಗಲೇ ಎರಡಿದ್ದವು. ಅಜ್ಜ ಅವನ್ನು ನೋಡಿಕೊಂಡು ಕೇಳಿದರು.

"ಕಂಬಳಿಗಿ ತನ್ನದಂತ ಬಿಸಿ ಐತೇನು ಫಕೀರಾ?"

"ಇಲ್ರೀ."

"ಮತ್ತ ಅದರಾಗಿನ ಬಿಸಿ ಯಾರದು?"

"ಹೊತ್ತುಕೊಂಡವರದ್ರೀ."

"ಹೊತ್ತುಕೊಂಡವನ ಹತ್ರನ ಬಿಸಿ ಮುಗೀತಂದ್ರ?"

ಅಜ್ಜ ಹೊಳೆಯ ಕಡೆ ಮುಖ ತಿರುಗಿಸಿದರು.

ಗುರು ಒಗಟು ಹಾಕಿದರೆ ಶಿಷ್ಯನಾದವನು ಕೂತು ಯೋಚಿಸಬೇಕು. ಇವನು ಎದ್ದು ಹೋಗಿ ತಂತಿ ಹುಡುಕಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ತನ್ನದೇ ಬಿಸಿ ಇರುವ ಅಂಗಿ ಮಾಡಬೇಕು. ಅದು ಅವನ ತಲೆ ಹೊಕ್ಕಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನ ಕೈಗೆ ಗೊತ್ತಿರುವ ಕೆಲಸವೊಂದು ಗುರುವಿಗೆ ಬೇಕಾಗಿತ್ತು. ಅಜ್ಜ ಒಮ್ಮೆ "ಭಲೇ" ಅಂದರೆ ಸಾಕು ಅಂತಲೂ ಒಳಗೊಳಗೇ ಇತ್ತು. ಇರಲಿ ಬಿಡಿ, ಯಾರಿಗಿರುವುದಿಲ್ಲ?

ಪೇಟೆಗೆ ಹೋಗಿ ಹಳೇ ದೋಸ್ತನ ಅಂಗಡಿಯಿಂದ ಕೆಟ್ಟ ಕರೆಂಟ್ ಒಲೆಯ ಸುರುಳಿ ತಂತಿ ತಂದ. ಮೋಟಾರಿನ ತಂತಿಗೆ ಹಾಕುವ ಹಳದಿ ಕೊಳವೆ ತಂದ. ಬೆಳೆಗೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಒಂದು ಸಿಕ್ಕಿತು. ಪಡಸಾಲೆಯ ಸೋಲಾರ್ ದೀಪದ ಪ್ಲೇಟಿನಿಂದ ಅದನ್ನು ಚಾರ್ಜ್ ಮಾಡಿಕೊಂಡ.

ಹೊಲಿಗೆಗೆ ಹೊನ್ನವ್ವನ ಹತ್ತಿರ ಹೋದ. ಹೊನ್ನವ್ವ ಮಠಕ್ಕೆ ಹಾಲು ಕೊಡುವವಳು, ಊರಿಗೆಲ್ಲ ಕೌದಿ ಹೊಲಿಯುವವಳು. ಹಳೆ ಸೀರೆಗಳನ್ನು ಪದರು ಪದರು ಇಟ್ಟು ದಾರ ಎಳೆದರೆ ಅವಳ ಕೌದಿ ಮೂರು ತಲೆಮಾರು ಬಾಳುತ್ತಿತ್ತು. ನಾಲಿಗೆಯೂ ಅಷ್ಟೇ ಗಟ್ಟಿ.

"ಕೌದಿ ಅಂಗಿ ಹೊಲಿಬೇಕಬೇ. ಎರಡು ಪದರಿನ ನಡುವ ಈ ತಂತಿ ಬರಬೇಕು. ಅಜ್ಜಾರಿಗೆ."

"ಅಜ್ಜಾರಿಗೆ ಕರೆಂಟ್ ಕೊಡ್ತೀಯೇನೋ, ನಿನ್ನ ಬಾಯಾಗ ಮಣ್ಣು ಹಾಕ!"

"ಶಾಕ್ ಹೊಡೆಯೂದಿಲ್ಲಬೇ. ಬ್ಯಾಟರಿ ಇದು. ಬರೇ ಬೆಚ್ಚಗ ಆಗತೈತಿ."

ಹೊನ್ನವ್ವ ತಂತಿ ಮುಟ್ಟಿ ನೋಡಿದಳು, ಬ್ಯಾಟರಿ ಎತ್ತಿ ನೋಡಿದಳು, ಆಮೇಲೆ ಸೂಜಿ ತೆಗೆದಳು.

"ಆತು. ಅಳತಿ ತೊಗೊಳ್ಳಾಕ ನಾಳೆ ಬರ್ತೀನಿ."

"ಅಳತಿ ಬ್ಯಾಡ. ಅವರ ಹಳೆ ಅಂಗಿ ತಂದೀನಿ, ಇದರ ಮ್ಯಾಲ ತೊಗೋ."

"ಹಳೆ ಅಂಗಿಗೆ ಬೆನ್ನು ಇರ್ತೈತೇನೋ? ಮೈ ಮುಟ್ಟಿ ನೋಡಬೇಕು. ಎಲ್ಲಿ ಎಲುಬು ಚುಚ್ಚತೈತಿ, ಎಲ್ಲಿ ಬಾಗೈತಿ, ಬರೇ ಅರಿವಿ ತುಂಡಿಗೆ ಹೆಂಗ ತಿಳೀಬೇಕು?"

"ಅಜ್ಜಾರ ಬೆನ್ನು ಮುಟ್ಟೂದಂದ್ರೇನಬೇ? ಹಂಗೆಲ್ಲ ಬರಾಂಗಿಲ್ಲ."

"ಮುಟ್ಟಬಾರದವರಿಗೆ ಅಂಗಿ ಯಾಕ ಹೊಲಿಬೇಕೋ ಮಾರಾಯಾ," ಅಂದಳು ಹೊನ್ನವ್ವ. ಆದರೂ ಹೊಲಿದಳು.

ಅಂಗಿ ಚೆಂದ ಬಂತು, ಸುಳ್ಳು ಹೇಳಬಾರದು. ಎದೆಗೆ ಹಸಿರು ಸೀರೆಯ ತುಂಡು, ಬೆನ್ನಿಗೆ ಕೆಂಪಿನದು. ಒಳಗೆ ತಂತಿ ಹಾವಿನಂತೆ ಹರಿದಿತ್ತು. ಬಗಲಲ್ಲಿ ಬ್ಯಾಟರಿಗೆ ಒಂದು ಚೀಲ, ಒಂದು ಸಣ್ಣ ಗುಂಡಿ.

ಫಕೀರಪ್ಪ ಮೂರು ಬೆಳಿಗ್ಗೆ ಅದನ್ನು ತಾನೇ ಹಾಕಿಕೊಂಡು ಹೊಳೆದಂಡೆಯಲ್ಲಿ ತಿರುಗಾಡಿ ನೋಡಿದ. ಎದೆ ಬೆಚ್ಚಗೆ, ಬೆನ್ನು ಬೆಚ್ಚಗೆ. ಜಾಸ್ತಿ ಅನ್ನಿಸಿದಾಗ ಗುಂಡಿ ಒತ್ತಿ ಆರಿಸುತ್ತಿದ್ದ. ಎಲ್ಲಾದರೂ ತಂತಿ ಒತ್ತಿದರೆ ಮೈ ಅಲ್ಲಾಡಿಸಿ ಸರಿ ಮಾಡಿಕೊಳ್ಳುತ್ತಿದ್ದ. ಅಲ್ಲಾಡಿಸಿದ್ದು ಅವನಿಗೆ ನೆನಪಿನಲ್ಲಿ ಉಳಿಯಲಿಲ್ಲ. ಯಾರಿಗೆ ಉಳಿಯುತ್ತದೆ?

ನಾಲ್ಕನೇ ದಿನ ಅಜ್ಜನ ಪಾದದ ಮುಂದೆ ಅಂಗಿ ಇಟ್ಟ.

"ಇದೇನೋ?"

"ನೀವ ಕೇಳಿದ್ರಲ್ರೀ, ಹೊತ್ತುಕೊಂಡವನ ಬಿಸಿ ಮುಗಿದ್ರ ಅಂತ. ಇದಕ್ಕ ತನ್ನದ ಬಿಸಿ ಐತ್ರಿ."

ಅಜ್ಜ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖದಲ್ಲಿ ನಗು ಬಂತು.

"ಹಂಗಾರ ಇದು ಅಂಗಿ ಅಲ್ಲೋ, ಒಲಿ. ಒಲಿ ಹೊತಗೊಂಡು ಕುಂಡ್ರು ಅಂತಿ."

ಫಕೀರಪ್ಪನ ಮುಖ ಸಣ್ಣದಾಯಿತು. ಅಜ್ಜ ಅದನ್ನು ನೋಡಿದರು. ನೋಡಿ, ಕಂಬಳಿ ಸರಿಸಿ ಅಂಗಿ ತೊಟ್ಟರು. ಫಕೀರಪ್ಪ ಗುಂಡಿ ಒತ್ತಿ ಹಿಂದೆ ಸರಿದ.

"ಬೆಚ್ಚಗೈತೇನ್ರೀ?"

ಅಜ್ಜ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಬೆಚ್ಚಗೈತಿ."

ಫಕೀರಪ್ಪನಿಗೆ ಅಷ್ಟೇ ಸಾಕಾಯಿತು. ಆ ದಿನ ಎರಡು ಸಲ ಅಂಗಳ ಗುಡಿಸಿದ.

ಎರಡು ಬೆಳಿಗ್ಗೆ ಏನೂ ಆಗಲಿಲ್ಲ. ಮೂರನೆಯ ಬೆಳಿಗ್ಗೆ ಅಜ್ಜ ಅಂಗಿ ತೊಟ್ಟು ಧ್ಯಾನಕ್ಕೆ ಕೂತರು. ವಯಸ್ಸಾದ ಮೇಲೆ ಕಂಬಕ್ಕೆ ಒರಗಿ ಕೂರುವುದು ರೂಢಿಯಾಗಿತ್ತು. ಒಮ್ಮೆ ಕೂತರೆ ತಾಸುಗಟ್ಟಲೆ ಅಲ್ಲಾಡುತ್ತಿರಲಿಲ್ಲ.

ಫಕೀರಪ್ಪ ಹತ್ತು ಮೊಳ ದೂರ, ಗುರುವಿನ ಪಾದ ಕಾಣುವಂತೆ ಕೂತು ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಅರಿವೆ ಸುಟ್ಟ ವಾಸನೆ ಬಂತು.

ಅವನಿಗೆ ಬಂತು. ಎಲ್ಲರಿಗಿಂತ ಮೊದಲು ಅವನ ಮೂಗಿಗೇ ಬಂತು. ಮೋಟಾರು ಸುಟ್ಟ ವಾಸನೆಯಲ್ಲೇ ಹದಿನೈದು ವರ್ಷ ಬದುಕಿದವನು.

ಧ್ಯಾನದಲ್ಲಿ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ, ಅದರ ಹಿಂದೆ ಹೋಗದೆ ಎಳೆದು ತಾ ಅಂತ ಅಜ್ಜನೇ ಕಲಿಸಿದ್ದರು. ಹಳೇ ಅಂಗಡಿಯ ವಾಸನೆ ಈಗ ಕಾಡುತ್ತಿದೆ ಅಂದುಕೊಂಡ. ಇದು ಮಾಯೆ ಅಂದುಕೊಂಡ. ಮೂಗನ್ನು ಬಿಟ್ಟು ಉಸಿರಿನ ಕಡೆ ಮನಸ್ಸು ತಂದ. ಇವತ್ತು ಚೆನ್ನಾಗಿ ನಿಂತಿತು ಅಂತ ಒಳಗೇ ಸಂತೋಷ ಬೇರೆ ಪಟ್ಟ.

"ಅಯ್ಯೋ ನಿನ್ನ ಧ್ಯಾನಕ್ಕ ಬೆಂಕಿ ಹಾಕ!"

ಹೊನ್ನವ್ವ ಹಾಲಿನ ತಂಬಿಗೆ ಅಂಗಳದಲ್ಲೇ ಬಿಟ್ಟು ಓಡಿ ಬಂದಳು. ಕಂಬದ ಮಗ್ಗುಲಿಂದ ಹೊಗೆ ಏಳುತ್ತಿತ್ತು. ಅವಳು ಅಜ್ಜನ ಹೆಗಲು ಹಿಡಿದು ಮುಂದಕ್ಕೆ ಬಾಗಿಸಿ, ದಾರ ಹರಿದು, ಅಂಗಿ ಕಿತ್ತು ಎಸೆದಳು. ಕೊಡದ ನೀರು ತಂದು ಬೆನ್ನಿಗೆ ಸುರಿದಳು.

ಅಜ್ಜ ಕಣ್ಣು ಬಿಟ್ಟು ಕೇಳಿದರು.

"ಏನಾತವ್ವಾ?"

ಬೆನ್ನಿನ ಬಲಮಗ್ಗುಲಲ್ಲಿ ಅಂಗೈ ಅಗಲ ಚರ್ಮ ಬೆಂದಿತ್ತು. ಕಂಬಕ್ಕೆ ಒತ್ತಿ ಒತ್ತಿ ತಂತಿಯ ಎರಡು ಎಳೆ ಒಂದರ ಮೇಲೊಂದು ಬಿದ್ದು ಅಲ್ಲೇ ಕಾದಿದ್ದವು.

ಫಕೀರಪ್ಪ ಎದ್ದು ನಿಂತಿದ್ದ. ಕೈ ಚಾಚಿದ್ದ. ಚಾಚಿದ ಕೈ ಎಲ್ಲಿ ಇಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ.

ಊರಿನಿಂದ ಡಾಕ್ಟರು ಬಂದರು. ಗಾಯ ನೋಡಿ, ಅಜ್ಜನ ಮುಖ ನೋಡಿದರು.

"ಇಷ್ಟು ಸುಟ್ಟರೂ ಗೊತ್ತಾಗಲಿಲ್ವಾ ಅಜ್ಜಾರ?"

"ಆ ಮಗ್ಗುಲು ಜೋಮು ಹಿಡಿದು ಒಂಬತ್ತು ವರ್ಷ ಆತ್ರೀ. ಹೊಳಿ ಪಾವಟಿಗಿ ಮ್ಯಾಲ ಜಾರಿ ಬಿದ್ದಿದ್ದೆ. ಅವತ್ತಿನಿಂದ ಅಲ್ಲಿ ಬಿಸಿನೂ ಇಲ್ಲ, ತಂಪೂ ಇಲ್ಲ."

ಫಕೀರಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಬಿದ್ದಿದ್ದರು. ಇವನು ಓಡಿ ಹೋಗಿದ್ದ. ಓಡಿ ಹೋಗಿ, ಎತ್ತಲು ಮೈ ಮುಟ್ಟಬೇಕಲ್ಲ ಅಂತ ನಿಂತು, ಕೊನೆಗೆ ಪಾದಕ್ಕೆ ಹಣೆ ಹಚ್ಚಿ "ಪೆಟ್ಟಾತೇನ್ರೀ?" ಅಂತ ಕೇಳಿದ್ದ. ಅಜ್ಜ ತಾವೇ ಎದ್ದು, ಗೋಡೆ ಹಿಡಿದು ಮೇಲೆ ಬಂದಿದ್ದರು.

ಡಾಕ್ಟರು ಮುಲಾಮು ಕೊಟ್ಟರು.

"ದಿನಕ್ಕೆ ಎರಡು ಸಲ ತೊಳೆದು ಹಚ್ಚಬೇಕು. ಒಂದು ಹೊತ್ತೂ ತಪ್ಪಿಸಬಾರದು. ಈ ವಯಸ್ಸಿಗೆ ಕೀವು ತುಂಬಿದ್ರೆ ಆಮೇಲೆ ನಾನೇನೂ ಹೇಳಕ್ಕಾಗಲ್ಲ."

"ನಾ ಹಚ್ತೀನ್ರೀ," ಅಂದಳು ಹೊನ್ನವ್ವ. ಯಾರೂ ಫಕೀರಪ್ಪನ ಕಡೆ ನೋಡಲಿಲ್ಲ. ಅದು ಅವನಿಗೆ ಬೈದದ್ದಕ್ಕಿಂತ ಜಾಸ್ತಿ ಆಯಿತು.

ಅಂಗಿ ಬಿಚ್ಚಿ ತಂತಿ ಎಲ್ಲ ಕಿತ್ತು ಹಾಕಿದ. ಬೇವಿನ ಬುಡದಲ್ಲಿ ಕೂತ. ಊಟ ಬಿಟ್ಟ. ಪಾದ ಮುಟ್ಟಲೂ ಒಳಗೆ ಹೋಗಲಿಲ್ಲ. ದಿನಕ್ಕೆ ಎರಡು ಸಲ ಹೊನ್ನವ್ವ ಕೋಣೆಗೆ ಹೋಗುವುದನ್ನು, ಬರುವುದನ್ನು ನೋಡುತ್ತಿದ್ದ.

ಎರಡನೇ ದಿನ ಹೊನ್ನವ್ವ ಅವನ ಮುಂದೆ ನಿಂತಳು.

"ಏನಿದು ನಿನ್ನ ಸೋಗು?"

"ಪ್ರಾಯಶ್ಚಿತ್ತ ಮಾಡಾಕತ್ತೀನಬೇ."

"ಸುಟ್ಟಿದ್ದು ಅವರ ಬೆನ್ನು. ಉಪಾಸ ನಿನ್ನ ಹೊಟ್ಟಿಗೆ. ಇದು ಯಾವ ಊರ ಲೆಕ್ಕಾನೋ?"

"ನಾ ಇಲ್ಲಿರಾಕ ಯೋಗ್ಯ ಅಲ್ಲಬೇ. ಅಜ್ಜಾರ ಗಾಯ ಮಾಯ್ದ ಕೂಡಲೇ ಹೊಂಟ ಹೋಗ್ತೀನಿ."

"ಹೋಗು. ಆದ್ರ ನಾಳೆ ನಾ ಬರಾಂಗಿಲ್ಲ. ಮಗಳಿಗೆ ಬ್ಯಾನಿ ಸುರು ಆಗೈತಂತ ಫೋನ್ ಬಂದೈತಿ, ಈಗ ಬಸ್ಸಿಗೆ ಹೊಂಟೀನಿ. ಬಾಣಂತನ ಬಿಟ್ಟು ಬರಾಕ ಆಗೂದಿಲ್ಲ. ಮುಲಾಮು ಕಿಡಕಿ ಮ್ಯಾಲ ಐತಿ."

"ಮತ್ತ ಹಚ್ಚವರು ಯಾರಬೇ?"

ಹೊನ್ನವ್ವ ಖಾಲಿ ತಂಬಿಗೆ ತೊಗೊಂಡು ಹೋದಳು.

ಮರುದಿನ ಬೆಳಿಗ್ಗೆ ಫಕೀರಪ್ಪ ಕೊಡ ಹಿಡಿದು ಹೊಳೆಗೆ ಹೋದ. ನೀರು ತಂದು ಕಾಯಿಸಿದ. ಬಿಸಿನೀರಿನ ಬೋಗುಣಿ, ಬಿಳಿ ಅರಿವೆ, ಮುಲಾಮು, ಎಲ್ಲ ಒಂದು ತಾಟಿನಲ್ಲಿ ಇಟ್ಟುಕೊಂಡ. ಬಾಗಿಲ ತನಕ ಬಂದ. ಬೋಗುಣಿಯ ನೀರು ಆರುವ ತನಕ ಅಲ್ಲೇ ನಿಂತ.

"ಒಳಗ ಬಾ," ಅಂದರು ಅಜ್ಜ.

ಅವರು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆನ್ನು ಬಾಗಿಲಿಗಿತ್ತು. ಹನ್ನೊಂದು ವರ್ಷದಲ್ಲಿ ಫಕೀರಪ್ಪ ಆ ಬೆನ್ನನ್ನು ಸರಿಯಾಗಿ ನೋಡಿದ್ದು ಅವತ್ತೇ. ಇಷ್ಟೇ ಇಷ್ಟು ಬೆನ್ನು. ಎಲುಬು ಎಣಿಸಬಹುದಿತ್ತು. ನಡುಗುತ್ತಿತ್ತು.

ಅವನು ತಾಟು ನೆಲಕ್ಕಿಟ್ಟು, ಹಾಸಿಗೆಯ ಕಾಲ್ದೆಸೆಗೆ ಬಿದ್ದು, ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡ. ಅಳು ಬಂತು. ದೊಡ್ಡ ಗಂಡಸು, ಕೂಸಿನ ಹಾಗೆ ಅತ್ತ.

"ತಪ್ಪಾತ್ರೀ ಅಜ್ಜಾರ."

"ಏನು ತಪ್ಪಾತು?"

"ತಂತಿ ಸರಿಯಾಗಿ ಹಾಕಲಿಲ್ರೀ. ನಡುವ ದಪ್ಪ ಅರಿವಿ ಕೊಡಬೇಕಿತ್ತು."

"ತಂತಿ ತಪ್ಪು ತಂತಿಗಿರಲಿ. ನಿಂದೇನು?"

ಫಕೀರಪ್ಪ ತೋಳಿಗೆ ಮುಖ ಒರೆಸಿಕೊಂಡ.

"ವಾಸನಿ ಬಂದಿತ್ರೀ," ಅಂದ. "ನನಗ ಬಂದಿತ್ತು. ಕಣ್ಣು ತೆರೀಲಿಲ್ರೀ ನಾನು."

ಅಜ್ಜ ಗೋಡೆ ನೋಡುತ್ತಲೇ ಹೇಳಿದರು.

"ನೀ ಬೆಚ್ಚಗೈತೇನು ಅಂತ ಕೇಳಿದಿ. ನಾ ಬೆಚ್ಚಗೈತಿ ಅಂದೆ. ಎದಿ ಬೆಚ್ಚಗಿತ್ತು. ಬೆನ್ನಿನ ಸುದ್ದಿ ನನಗ ಗೊತ್ತಿಲ್ಲಪಾ ಅಂತ ಹೇಳಬೇಕಿತ್ತು. ನಿನ್ನ ಮುಖ ನೋಡಿ ಹೇಳಲಿಲ್ಲ. ಅದು ನನ್ನ ತಪ್ಪು."

"ಹಂಗನ್ನಬ್ಯಾಡ್ರಿ ಅಜ್ಜಾರ."

"ಕೇಳು. ನಿನಗ ಹೇಳದ ಒಂದು ಮಾತೈತಿ. ಯಾರಿಗೂ ಹೇಳಿಲ್ಲ."

ಪಾದ ಹಿಡಿದೇ ಫಕೀರಪ್ಪ ತಲೆ ಎತ್ತಿದ.

"ನನ್ನ ಗುರುಗಳು, ದೊಡ್ಡಜ್ಜ, ಇದ ಕೋಣ್ಯಾಗ, ಇಂಥಾದ ಚಳ್ಯಾಗ ಬಿದ್ದುಕೊಂಡಿದ್ರು. ಜ್ವರ ಬಂದು ನಡುಗಾಕತ್ತಿದ್ರು. ಮಠದಾಗಿನ ಕಂಬಳಿ ಎಲ್ಲಾ ಹೊಚ್ಚಿದೆ. ಆದ್ರೂ ನಡುಕ ನಿಲ್ಲಲಿಲ್ಲ. ಆಗ ಅವರು ಹೇಳಿದ್ರು, ಗದಿಗ್ಯಾ, ಮಗ್ಗಲದಾಗ ಬಂದು ಮಲಗೋ, ನಿನ್ನ ಬೆನ್ನು ನನ್ನ ಬೆನ್ನಿಗೆ ಹಚ್ಚೋ ಅಂತ."

"ಮಲಗಿದ್ರೇನ್ರೀ?"

"ಗುರುವಿನ ಹಾಸಿಗಿ ಹೆಂಗ ಏರಲಿ ಅಂದೆ. ಪದ್ಧತಿ ಐತಲ್ರೀ ಅಂದೆ. ಮತ್ತೊಮ್ಮೆ ಕರೆದ್ರು. ನಾ ಹೋಗಲಿಲ್ಲ. ಇಲ್ಲೇ, ನೀ ಈಗ ಕುಂತೀಯಲ್ಲ, ಅಲ್ಲೇ ಕುಂತು ಎರಡೂ ಕಾಲು ಗಟ್ಟಿ ಹಿಡಕೊಂಡೆ. ಮೂರನೇ ಸಲ ಅವರು ಕರೀಲಿಲ್ಲ."

ಹೊರಗೆ ಎಲ್ಲೋ ಒಂದು ಆಕಳು ಕೂಗಿತು.

"ಬೆಳಕು ಹರಿದ ಮ್ಯಾಲ ಮುಟ್ಟಿ ನೋಡಿದೆ. ಮೈಯೆಲ್ಲಾ ತಣ್ಣಗಾಗಿತ್ತು. ನಾ ಹಿಡಕೊಂಡಿದ್ದ ಕಾಲಷ್ಟ ಬೆಚ್ಚಗಿದ್ದವು."

ಅಜ್ಜನ ಪಾದ ಇನ್ನೂ ಫಕೀರಪ್ಪನ ಕೈಯಲ್ಲೇ ಇದ್ದವು.

"ಊರ ಮಂದಿ ನನ್ನ ಗುರುಭಕ್ತಿ ಹೊಗಳಿದ್ರು. ಕಡೀತನಕ ಕಾಲು ಬಿಡಲಿಲ್ಲ ಅಂದ್ರು. ಅದಕ್ಕ ನನ್ನ ಈ ಗಾದಿ ಮ್ಯಾಲ ಕುಂಡ್ರಿಸಿದ್ರು. ನಾ ಕುಂತೆ. ಐವತ್ತು ವರ್ಷ ಆತು. ಅವತ್ತಿನಿಂದ ಒಂದ ಒಂದು ದಿನಾನೂ ಬೆಚ್ಚಗಾಗಿಲ್ಲ ಫಕೀರಾ."

"ಮತ್ತ ಆ ಪದ್ಧತಿ ಯಾಕ ಇಟ್ರಿ ಅಜ್ಜಾರ? ನಿಮ್ಮ ಕಾಲದಾಗ ನೀವ ಮುರೀಬಹುದಿತ್ತಲ್ರೀ?"

ಅಜ್ಜ ಉಸಿರು ಬಿಟ್ಟರು.

"ಮುರಿದ್ರ, ಅವತ್ತೂ ಮುರೀಬಹುದಿತ್ತು ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಧೈರ್ಯ ಬರಲಿಲ್ಲ."

ತಾಟಿನಲ್ಲಿ ಮುಲಾಮು ಇತ್ತು. ಬೋಗುಣಿಯ ನೀರು ಪೂರಾ ತಣ್ಣಗಾಗಿತ್ತು. ಗಾಯದ ಸುತ್ತ ಚರ್ಮ ಕೆಂಪಾಗಿ ಒದ್ದೆಯಾಗಿತ್ತು, ಹೊತ್ತು ಮೀರುತ್ತಿತ್ತು.

"ಅಜ್ಜಾರ, ನಾ ಏನು ಮಾಡ್ಲಿ ಹೇಳ್ರಿ," ಅಂದ ಫಕೀರಪ್ಪ, ಪಾದಕ್ಕೆ ಹಣೆ ಒತ್ತಿ.

ಅಜ್ಜ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಾ ಕಾಲು ಬಿಡಲಿಲ್ಲ ಫಕೀರಾ. ನೀ ಬಿಡು."